ಅಕ್ಕನಿಗೆ ನಲವತ್ತು, ತಂಗಿಗೆ ಎಂಬತ್ತು

ಡಾಕ್ಟರ್ ಉಮಾಶಂಕರ್ ಕಂಪ್ಯೂಟರ್ ನೋಡಿ, "ಬೈರಮ್ಮನವರಿಗೆ ನಲವತ್ತು, ಇಂದ್ರಮ್ಮನವರಿಗೆ ಎಂಬತ್ತು" ಅಂದರು.

ಅಕ್ಕತಂಗಿಯರಿಬ್ಬರೂ ಹೊಸೂರಿನ ಆ ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಇಬ್ಬರಿಗೂ ಗ್ಲಾಕೋಮಾ. ಕಣ್ಣೊಳಗಿನ ನೀರು ಹೊರಗೆ ಹೋಗಲಾರದೆ ಒತ್ತಡ ಏರಿ, ನೋಟವನ್ನು ಅಂಚಿನಿಂದ ತಿನ್ನುತ್ತಾ ಬರುವ ರೋಗ. ಅವರ ಅಪ್ಪನೂ ಇದರಲ್ಲೇ ಕುರುಡಾಗಿದ್ದ. ಈಗ ಇಬ್ಬರಿಗೂ ಆಪರೇಷನ್ ಆಗಬೇಕಿತ್ತು. ಆಪರೇಷನ್ ಯಾರಿಗೆ ಎಷ್ಟು ಫಲ ಕೊಡಬಹುದು ಎಂದು ಮೊದಲೇ ಅಂದಾಜು ಹೇಳುವ ವ್ಯವಸ್ಥೆ ಈಚೆಗೆ ಆಸ್ಪತ್ರೆಗೆ ಬಂದಿತ್ತು.

ಬಾಗಿಲ ಹತ್ತಿರ ನಿಂತಿದ್ದ ಪಾಪಯ್ಯ ಹೆಂಡತಿ ಬೈರಮ್ಮನಿಗೆ ಸಮಾಧಾನ ಹೇಳಿದ. "ಮೂವತ್ತೈದಕ್ಕೇ ಪಾಸು ಕಣಮ್ಮಿ. ನೀನೂ ಪಾಸೇ. ಅವಳು ಫಸ್ಟ್ ಕ್ಲಾಸು, ಅಷ್ಟೇಯ."

"ಇದು ಮಾರ್ಕು ಅಲ್ಲಪ್ಪ," ಡಾಕ್ಟರ್ ನಕ್ಕರು. "ಬೈರಮ್ಮನವರಂಥ ಕಣ್ಣಿರೋ ನೂರು ಜನಕ್ಕೆ ಆಪರೇಷನ್ ಮಾಡಿದ್ರೆ ನಲವತ್ತು ಜನಕ್ಕೆ ಹನಿ ಔಷಧಿ ಇಲ್ಲದೇನೇ ಕಣ್ಣಿನ ಪ್ರೆಷರ್ ಹತೋಟಿಗೆ ಬರುತ್ತೆ. ಉಳಿದವರಲ್ಲಿ ಸುಮಾರು ಜನಕ್ಕೆ ಆಮೇಲೂ ಹನಿ ಬೇಕಾಗುತ್ತೆ. ಹೋದ ನೋಟ ಯಾರಿಗೂ ವಾಪಸು ಬರಲ್ಲ. ಇರೋದನ್ನ ಉಳಿಸ್ಕೊಳ್ಳೋಕೆ ಆಪರೇಷನ್."

ಬೈರಮ್ಮನ ಕಿವಿಯಲ್ಲಿ ಎಂಬತ್ತು ಒಂದೇ ಉಳಿದಿತ್ತು. "ಅವಳಿಗ್ಯಾಕೆ ಜಾಸ್ತಿ?"

"ನಿಮಗೆ ಮುಂಚೆ ಪೊರೆ ಆಪರೇಷನ್ ಆಗಿದೆ. ಮೇಲೆ ಇಷ್ಟು ವರ್ಷ ಹನಿ ಹಾಕಿದ್ದೀರಿ. ಆ ಹನಿಯಿಂದಲೇ ನಿಮ್ಮ ನೋಟ ಉಳಿದಿರೋದು, ಆದ್ರೆ ಕಣ್ಣಿನ ಮೇಲಿನ ಪದರ ಅದರಿಂದ ಕೆರಳಿದೆ. ನೀರು ಹೋಗೋಕೆ ನಾವು ಮಾಡೋ ದಾರಿ ಬೇಗ ಕೂಡ್ಕೊಂಡುಬಿಡುತ್ತೆ. ಇಂದ್ರಮ್ಮನವರು ಹನಿ ಹಾಕೇ ಇಲ್ಲ, ಪದರ ಚೆನ್ನಾಗಿದೆ. ಹಾಗಂತ ಆಪರೇಷನ್ ಆದ್ಮೇಲೆ ಆ ದಾರಿ ಕೂಡದ ಹಾಗೆ ಕೊಡೋ ಬೇರೆ ಹನೀನ ಮನೇಲಿ ತಪ್ಪಿಸಿದ್ರೆ ಎಂಬತ್ತೂ ನಿಲ್ಲಲ್ಲ."

ಊರಿಗೆ ಮರಳುವ ರಾಯಕೋಟೆಯ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ತಂಗಿಗೆ ಸಿಕ್ಕಿತು. ಬೈರಮ್ಮನಿಗೆ ಅದೂ ಚುಚ್ಚಿತು. ಒಂದೇ ಚಪ್ಪರದಲ್ಲಿ ಅಣ್ಣ ಪಾಪಯ್ಯನಿಗೆ ಅಕ್ಕನನ್ನೂ ಅವನ ತಮ್ಮನಿಗೆ ತಂಗಿಯನ್ನೂ ಕೊಟ್ಟಿದ್ದರು. ಅಂದಿನಿಂದ ಒಂದೇ ಗೋಡೆಯ ಆಚೆಗೊಬ್ಬಳು, ಈಚೆಗೊಬ್ಬಳು. ಬೋರ್‌ವೆಲ್ ಕೊರೆಸಿದಾಗ ನೀರು ಬಂದದ್ದು ತಂಗಿಯ ಭಾಗದಲ್ಲಿ. ಹೊಸೂರಿನ ಫ್ಯಾಕ್ಟರಿಯಲ್ಲಿ ಕೆಲಸವಿರುವ ಸೊಸೆ ಬಂದದ್ದೂ ತಂಗಿಗೇ. ಅವನ್ನೆಲ್ಲ ಹಣೆಬರಹ ಅಂದುಕೊಂಡು ಬೈರಮ್ಮ ನುಂಗಿದ್ದಳು. ಆದರೆ ಹನಿ ಅವಳ ಸ್ವಂತ ಸಂಪಾದನೆ. ಬೆಳಿಗ್ಗೆ ಹಾಲು ಕರೆಯುವ ಮುಂಚೆ ಹನಿ, ರಾತ್ರಿ ಪಾತ್ರೆ ತೊಳೆದ ಮೇಲೆ ಹನಿ. ಮಗಳ ಧಾರೆಯ ದಿನವೂ ಸೀಸೆ ಸೆರಗಿನ ಗಂಟಿನಲ್ಲಿತ್ತು. ಇಂದ್ರಮ್ಮನೋ, ಕಣ್ಣಿನ ಕ್ಯಾಂಪಿನವರು ಕೊಟ್ಟ ಸೀಸೆಯನ್ನು "ಉರೀತದೆ ಕಣಕ್ಕ" ಎಂದು ಟೊಮೇಟೊ ತೋಟದ ಬದುವಿಗೆ ಎಸೆದಿದ್ದಳು.

ಎಸೆದವಳಿಗೆ ಎಂಬತ್ತು!

"ನಂಗೆ ಆಪರೇಷನ್ ಬ್ಯಾಡ," ಎಂದಳು ಬೈರಮ್ಮ. "ಮೊದ್ಲು ಫಸ್ಟ್ ಕ್ಲಾಸಿಂದು ಆಗ್ಲಿ, ನೋಡಾಣ."

ಇಂದ್ರಮ್ಮನಿಗೆ ಆಪರೇಷನ್ ಆಯಿತು. ಆಮೇಲೆ ಎರಡು ಗಂಟೆಗೊಮ್ಮೆ ಹನಿ ಬೀಳಬೇಕಿತ್ತು. ಸೊಸೆ ಭಾನು ಫ್ಯಾಕ್ಟರಿಗೆ ಹೋಗುವ ಮುಂಚೆಯೂ ಬಂದ ಮೇಲೂ ತಾನೇ ಹಾಕುತ್ತಿದ್ದಳು. ಹಗಲಿನ ಪಾಲು ಬೈರಮ್ಮನದು. "ದೊಡ್ಡತ್ತೆ ಕೈಯಷ್ಟು ಗುರಿ ಯಾರಿಗೂ ಇಲ್ಲ" ಎಂದು ಭಾನು ಮೊಬೈಲಿನಲ್ಲಿ ಅಲಾರಂ ಇಟ್ಟು ಕೊಟ್ಟುಹೋದಳು.

ನೋಡಲು ಬರುವವರು ಮೂಸಂಬಿ, ಬ್ರೆಡ್ಡು ತಂದು ಇಂದ್ರಮ್ಮನ ಹಾಸಿಗೆಯ ಪಕ್ಕ ಪೇರಿಸುತ್ತಿದ್ದರು. ಪಾಪಯ್ಯನ ಬಾಯಿಂದ ಊರಿಗೆಲ್ಲ ಸುದ್ದಿ ಹಬ್ಬಿತ್ತು. ಎದುರು ಮನೆಯ ಬೋರಯ್ಯ ಜಗಲಿ ಹತ್ತುವಾಗಲೇ ಶುರು ಮಾಡಿದ. "ಏನವ್ವ ಎಂಬತ್ತು, ಹೆಂಗಿದ್ದೀಯ? ಎಲ್ಲಿ ನಲವತ್ತು? ಒಂದು ಲೋಟ ಕಾಫಿ ಕಾಸ್ಲಿ, ಕುಡ್ದು ಹೋಯ್ತೀನಿ."

ಇಂದ್ರಮ್ಮ ಕಿಸಕ್ಕನೆ ನಕ್ಕಳು. ಬೈರಮ್ಮ ಕಾಫಿಗೆ ಸಕ್ಕರೆ ಹಾಕಲಿಲ್ಲ.

ಅವನು ಹೋದ ಮೇಲೆ ಅಲಾರಂ ಹೊಡೆಯಿತು. ಬೈರಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಒಳಗೆ ತಂಗಿಗೆ ಜೋಂಪು ಹತ್ತಿತ್ತು. ಬೈರಮ್ಮ ಫೋನಿನ ಬಾಯಿ ಮುಚ್ಚಿಸಿ, ಮತ್ತೆ ಕಾಯಿಗೆ ಕೈ ಹಾಕಿದಳು. ಇದೊಂದನ್ನು ಸುಲಿದು ಏಳೋಣ ಅಂದುಕೊಂಡಳು. ಅದಾದ ಮೇಲೆ ಇನ್ನೊಂದು. ಮೊರ ತುಂಬಿತು, ಅವಳು ಏಳಲಿಲ್ಲ.

"ಅಕ್ಕಾ, ಹನಿ ಹಾಕಿದ್ಯಾ?" ಒಳಗಿನಿಂದ ಕೇಳಿಸಿತು.

"ಹಾಕ್ದೆ ಕಣೆ. ನೀನು ಗೊರಕೆ ಹೊಡೀತಿದ್ದೆ."

ಅಂದು ಸಂಜೆ ಅವಳು ದೀಪ ಹಚ್ಚಿದಳು. ನಾಳೆಯಿಂದ ಸರಿಯಾಗಿ ಹಾಕುತ್ತೇನೆ ಎಂದು ದೇವರಿಗೆ ಕೈ ಮುಗಿದಳು. ಆದರೆ ಮಾರನೇ ದಿನ ಯಾರೋ ಮತ್ತೆ ಎಂಬತ್ತಮ್ಮ ಎಂದರು. ಆ ಮಧ್ಯಾಹ್ನದ ಹನಿಗಳೂ ತಪ್ಪಿದವು. ಅದರ ಮಾರನೇ ದಿನದವೂ.

ಮತ್ತೆ ಆಸ್ಪತ್ರೆಗೆ ತೋರಿಸಲು ಹೋದಾಗ ಡಾಕ್ಟರ್ ಇಂದ್ರಮ್ಮನ ಕಣ್ಣನ್ನು ಬಹಳ ಹೊತ್ತು ನೋಡಿದರು. "ಪ್ರೆಷರ್ ಏರಿದೆ. ದಾರಿ ಕೂಡ್ಕೊಳ್ತಾ ಇದೆ."

ಬೈರಮ್ಮನ ಎದೆಯೊಳಗೆ ಸಣ್ಣಗೆ ಏನೋ ತಂಪಾಯಿತು. ಸುಳ್ಳಾಯಿತಲ್ಲ ಎಂಬತ್ತು! ಮರುಕ್ಷಣ ಅವಳು ತಂಗಿಯ ಕಡೆಯಿಂದ ಮುಖ ತಿರುಗಿಸಿದಳು.

"ಹನಿ ತಪ್ಪದೆ ಬೀಳ್ತಿದೆಯಾ?"

"ನಮ್ಮಕ್ಕ ಹಾಕೋದು ಸಾರ್," ಎಂದಳು ಇಂದ್ರಮ್ಮ. "ಅವಳ ಕೈಲಿ ತಪ್ಪೋ ಮಾತೇ ಇಲ್ಲ."

ಡಾಕ್ಟರ್ ಯೋಚಿಸಿದರು. "ಹನಿ ತಪ್ಪಿದ್ದಿದ್ರೆ ಒಂದು ಇಂಜೆಕ್ಷನ್ ಕೊಟ್ಟು, ಹನಿ ಹೆಚ್ಚಿಸಿ ಕಾದು ನೋಡಬಹುದಿತ್ತು. ಅಷ್ಟೂ ಹನಿ ಬಿದ್ದೂ ಹೀಗಾಗಿದೆ ಅಂದ್ರೆ ಕಾಯೋದರಲ್ಲಿ ಅರ್ಥವಿಲ್ಲ. ಇನ್ನೊಂದ್ಸಲ ಕೊಯ್ಯಬೇಕು."

ಇಂದ್ರಮ್ಮನ ಕೈ ಬೆಂಚಿನ ಮೇಲೆ ತಡಕುತ್ತಾ ಬಂದು ಅಕ್ಕನ ಮಣಿಕಟ್ಟು ಹಿಡಿಯಿತು.

"ಬಿದ್ದಿಲ್ಲ ಸಾರ್," ಎಂದಳು ಬೈರಮ್ಮ. "ಮಧ್ಯಾಹ್ನದ್ದು ಬಿದ್ದಿಲ್ಲ. ನಾನೇ ಬೇಕಂತ ಹಾಕ್ಲಿಲ್ಲ."

ಮಣಿಕಟ್ಟು ಹಿಡಿದಿದ್ದ ಕೈ ಸಡಿಲಾಯಿತು. ಡಾಕ್ಟರ್ ಬೈಯಲಿಲ್ಲ. ಇಂಜೆಕ್ಷನ್ ತರಿಸಿದರು.

ಆಮೇಲೆ ಇಬ್ಬರೂ ಹೊರಗೆ ಬಂದು ಕುರ್ಚಿಯಲ್ಲಿ ಕೂತರು. ಇಂದ್ರಮ್ಮ ಕೇಳಿದಳು. "ಯಾಕಕ್ಕ?"

"ನಿಂಗೆ ಎಂಬತ್ತು ಬಂತಲ್ಲ, ಅದಕ್ಕೆ."

"ಥೂ, ನಿನ್ನ!" ಇಂದ್ರಮ್ಮ ಕತ್ತನ್ನು ಪೂರ್ತಿ ತಿರುಗಿಸಿ ಅಕ್ಕನ ಮುಖ ಹುಡುಕಿದಳು. "ಪಕ್ಕದಲ್ಲಿ ಕೂತಿರೋ ನಿನ್ನ ಮೂತಿ ನೋಡೋಕೆ ನಾನು ಇಷ್ಟು ತಿರುಗ್ಬೇಕು. ನೀನು ಕೂತಲ್ಲೇ ಬಸ್ಸಿನ ಬೋರ್ಡ್ ನೋಡಿ ಯಾವೂರಿಂದು ಅಂತೀಯ. ನಂಗೆ ಹೊಟ್ಟೆ ಉರೀಲಿಲ್ಲ ಅಂದ್ಕೊಂಡ್ಯಾ? ಎಷ್ಟು ವರ್ಷದಿಂದ ಉರೀತಾ ಅದೆ. ನಿನ್ನ ಸೀಸೆ ಕದ್ದು ಚೆಲ್ಲಿದ್ನಾ ಯಾವತ್ತಾದ್ರೂ?"

ಬೈರಮ್ಮ ಸೆರಗಿನ ಗಂಟಿನಲ್ಲಿದ್ದ ತನ್ನ ಸೀಸೆ ಮುಟ್ಟಿಕೊಂಡಳು.

"ನೀನೂ ಆಪರೇಷನ್ ಮಾಡಿಸ್ಕೊ. ಹನಿ ನಾನೇ ಹಾಕ್ತೀನಿ," ಎಂದಳು ಇಂದ್ರಮ್ಮ.

"ನೀನಾ? ಕೆನ್ನೆಗೆ ಹಾಕ್ಬುಡ್ತೀಯ."

"ಎದುರಿಗಿರೋದು ನಂಗೆ ಚೆನ್ನಾಗೇ ಕಾಣ್ತದೆ. ತಪ್ಪಿಸ್ಬೇಕು ಅನ್ನಿಸಿದ ದಿನ ತಪ್ಪಿಸ್ತೀನಿ. ಹಾಕಿದ್ಲೋ ಇಲ್ವೋ ಅಂತ ನೀನೂ ಒಂದಷ್ಟು ದಿನ ಕಣ್ಣು ಮುಚ್ಕೊಂಡು ಮಲಗು."

ಅದು ತಮಾಷೆಯೋ ನಿಜವೋ ಬೈರಮ್ಮನಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಅವಳು ಎದ್ದು, ಆಪರೇಷನ್ನಿಗೆ ದಿನ ಗೊತ್ತುಮಾಡುವ ಮಾಲಿನಿಯ ಮೇಜಿನ ಮುಂದೆ ನಿಂತಳು.

"ಏನಮ್ಮ?" ಎಂದಳು ಮಾಲಿನಿ.

"ಇಂಜೆಕ್ಷನ್ ಆದ್ಮೇಲೂ ನನಗಿಂತ ಅವಳಿಗೇ ಜಾಸ್ತಿನಾ?"

ಮಾಲಿನಿ ಕಂಪ್ಯೂಟರ್ ನೋಡಿದಳು. "ಈಗಲೂ ಅವರಿಗೇ ಜಾಸ್ತಿ ಅಮ್ಮ."

ಬೈರಮ್ಮ ಹಲ್ಲು ಕಚ್ಚಿದಳು. "ಇರ್ಲಿ. ನಂಗೂ ಒಂದು ದಿನ ಬರ್ಕೊ."

"ಮನೇಲಿ ಹನಿ ಹಾಕೋರು ಯಾರು?"

ಬೈರಮ್ಮ ಹಿಂದಿರುಗಿ ನೋಡಿದಳು. ಇಂದ್ರಮ್ಮ ಅವಳ ಕಡೆಗೇ ಮುಖ ಮಾಡಿ, ಸೆರಗಿನಲ್ಲಿ ಕೆನ್ನೆ ಒರೆಸಿಕೊಳ್ಳುತ್ತಾ ಕೂತಿದ್ದಳು.

"ಇಂದ್ರಮ್ಮ," ಎಂದಳು ಬೈರಮ್ಮ. "ನನ್ನ ತಂಗಿ."