ಕಚ್ಚದ ನಾಯಿ, ಮುರಿದ ಕೈ

ನಮ್ಮ ಪಕ್ಕದ ಮನೆಯ ವೆಲ್ಡರ್ ಅರ್ಧ ಊರಿಗೆ ಗೇಟು ಮಾಡಿಕೊಟ್ಟಿದ್ದಾನೆ. ಅವನ ಮನೆ ಗೇಟಿನ ಚಿಲಕ ಮಾತ್ರ ಮುರಿದು ಎರಡು ತಿಂಗಳಾಗಿತ್ತು. ಕೇಳಿದರೆ "ನಾಳೆ ಹಾಕ್ತೀನಿ" ಅನ್ನುತ್ತಿದ್ದ. ಅವನ ನಾಯಿ ಗುಂಡನಿಗೆ ಅದೇ ಅನುಕೂಲ. ಬೆಳಿಗ್ಗೆ ಮೂತಿಯಿಂದ ಗೇಟು ತಳ್ಳಿ ಹೊರಬಂದು, ಕಂಡ ಕಂಡ ಸೈಕಲ್ಲನ್ನು ಬೆನ್ನಟ್ಟುತ್ತಿತ್ತು. ಯಾರಾದರೂ ದೂರಿದರೆ ವೆಲ್ಡರನ ಬಳಿ ಉತ್ತರ ಸಿದ್ಧ: "ಆಟ ಆಡುತ್ತೆ ಅಷ್ಟೇ. ಯಾರನ್ನೂ ಕಚ್ಚಲ್ಲ."

ಆ ಸೋಮವಾರವೂ ಅದು ಯಾರನ್ನೂ ಕಚ್ಚಲಿಲ್ಲ. ತಿರುವಿನ ಮನೆಯ ಟೈಲರಮ್ಮ ಅಂಗಡಿ ತೆರೆಯಲು ಸೈಕಲ್ಲಿನಲ್ಲಿ ಹೊರಟಿದ್ದರು. ಗುಂಡ ನೇರವಾಗಿ ಮುಂದಿನ ಚಕ್ರಕ್ಕೆ ಅಡ್ಡ ಬಂತು. ಅವರು ಬ್ರೇಕ್ ಹಿಡಿದರು, ಸೈಕಲ್ ಮಗುಚಿತು. ಬಲಗೈ ಮಣಿಕಟ್ಟು ಮುರಿಯಿತು. ಕತ್ತರಿ ಹಿಡಿಯುವ ಕೈ ಅದು. ಡಾಕ್ಟರು ಪ್ಲಾಸ್ಟರ್ ಹಾಕಿ, ಆರು ವಾರ ಮಿಷನ್ ಹತ್ತಿರ ಸುಳಿಯಬೇಡಿ ಅಂದರು. ಒಬ್ಬರೇ ನಡೆಸುವ ಅಂಗಡಿ. ಆರು ವಾರ ಬಾಗಿಲು ಹಾಕಿದರೆ ಗಿರಾಕಿಗಳು ಬೇರೆ ಕಡೆ ಹೋಗುತ್ತಾರೆ.

ಮಧ್ಯಾಹ್ನ ವೆಲ್ಡರ್ ಒಂದು ಕೆಲಸ ಮಾಡಿದ. ಹೇಳಲು ನನಗೇ ನಾಚಿಕೆ. ಗುಂಡನ ಕೊರಳ ಬೆಲ್ಟ್ ಬಿಚ್ಚಿ, ಬೀರುವಿನಲ್ಲಿ ಬಟ್ಟೆಗಳ ಅಡಿ ಬಚ್ಚಿಟ್ಟ.

"ಯಾಕ್ರೀ?" ಅಂದಳು ಹೆಂಡತಿ.

"ಯಾರಾದ್ರೂ ಕೇಳಿದ್ರೆ ಬೀದಿ ನಾಯಿ ಅಂತ ಹೇಳು. ಒಂದೊಂದ್ ಸಲ ಊಟ ಹಾಕ್ತೀವಿ, ಅಷ್ಟೇ."

ಬೀದಿ ನಾಯಿ ಅಷ್ಟು ಹೊತ್ತಿಗೆ ಅವನ ಚಪ್ಪಲಿಯ ಮೇಲೆ ತಲೆಯಿಟ್ಟು ಮಲಗಿತ್ತು.

ಸಂಜೆ ಸುದ್ದಿ ಕೇಳಿ ವೆಲ್ಡರನ ಅಕ್ಕ ಬಂದಳು. ಕೋರ್ಟಿನಲ್ಲಿ ಟೈಪಿಸ್ಟ್. ಇಪ್ಪತ್ತು ವರ್ಷದಿಂದ ಜನರ ಜಗಳಗಳನ್ನೇ ಟೈಪ್ ಮಾಡಿದವಳು.

"ಏನೋ, ಇದರ ಬೆಲ್ಟ್ ಎಲ್ಲಿ?"

"ಅಕ್ಕಾ, ನಾಯಿ ಕಚ್ಚಿಲ್ಲ, ಅವರನ್ನ ಮುಟ್ಟೂ ಇಲ್ಲ. ಅವರೇ ಬ್ರೇಕ್ ಹಿಡಿದು ಬಿದ್ರು. ನನ್ನದೇನು ತಪ್ಪು?"

"ಹಿಡೀದೆ ನಿನ್ನ ನಾಯಿ ಮೇಲೆ ಹತ್ತಿಸಬೇಕಿತ್ತಾ? ಕಚ್ಚಿದ್ರೆ ಮಾತ್ರ ತಪ್ಪು ಅಂತ ನೀನಂದ್ಕೊಂಡಿದ್ದೀಯ. ಸಾಕಿದ ಪ್ರಾಣಿಯಿಂದ ಬೇರೆಯವರಿಗೆ ಅಪಾಯ ಆಗದ ಹಾಗೆ ನೋಡ್ಕೊಳ್ಳೋದು ಸಾಕಿದವನ ಹೊಣೆ. ಸುಮ್ನೆ ಬೀದಿಗೆ ಬಿಟ್ಟು, ಯಾರಿಗಾದ್ರೂ ಪೆಟ್ಟಾದ್ರೆ ಪೊಲೀಸರಿಗೆ ದೂರು ಕೊಡಬಹುದು. ದಂಡ ಬೀಳಬಹುದು. ಚಿಕಿತ್ಸೆ ಖರ್ಚು, ಕೆಲಸ ನಿಂತ ನಷ್ಟ ಕೊಡು ಅಂತ ಕೋರ್ಟಿಗೂ ಹೋಗಬಹುದು."

"ಅವರೇ ಜೋರಾಗಿ ಬಂದಿದ್ರೆ?"

"ಅದನ್ನೂ ನೋಡ್ತಾರೆ. ಸವಾರರ ತಪ್ಪಿದ್ರೆ ನಿನ್ನ ಹೊಣೆ ಕಡಿಮೆ ಆಗಬಹುದು. ಆದ್ರೆ ಚಿಲಕ ಮುರಿದಿರೋದು ಬೀದಿಗೆಲ್ಲ ಗೊತ್ತು. ಎಷ್ಟು ಜನ ಮುಂಚೇನೇ ನಿನಗೆ ಹೇಳಿದ್ರು?"

ವೆಲ್ಡರನ ದನಿ ಇಳಿಯಿತು. "ನಮ್ಮ ನಾಯಿನೇ ಅಲ್ಲ ಅಂದ್ಬಿಟ್ರೆ?"

"ಅನ್ನು. ಲಸಿಕೆ ಚೀಟೀಲಿ ನಿನ್ನ ಹೆಸರೇ ಇದೆ. ಸುಳ್ಳು ಹೇಳಿ ಸಿಕ್ಕಿಬಿದ್ದವರ ಮುಖ ನಾನು ದಿನಾ ನೋಡ್ತೀನಿ."

ಹೆಂಡತಿ ಮಧ್ಯೆ ಬಂದಳು. "ನಮ್ಮ ಮಗಳ ಶಾಲೆ ಬಟ್ಟೆ ಹೊಲಿದ ಕೈ ರೀ ಅದು. ನೀವು ಹೋಗ್ತೀರೋ, ನಾನು ಹೋಗ್ಲೋ?"

ವೆಲ್ಡರ್ ಹೋದ. ಟೈಲರಮ್ಮ ಸೂಜಿಯನ್ನು ದಿಂಬಿಗೆ ಚುಚ್ಚಿ ನಿಲ್ಲಿಸಿ, ಎಡಗೈಯಲ್ಲಿ ದಾರ ಪೋಣಿಸಲು ಒದ್ದಾಡುತ್ತಿದ್ದರು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಅವನಿಗೆ ಮರೆತುಹೋಯಿತು.

"ನಾಯಿ ನಂದೇ ಅಮ್ಮಾ. ಗೇಟು ಸರಿ ಮಾಡದೆ ಬಿಟ್ಟೋನೂ ನಾನೇ. ಆಸ್ಪತ್ರೆ ಖರ್ಚು ನಾನು ಕೊಡ್ತೀನಿ. ಕೈ ಕೂಡೋವರೆಗೆ ಅಂಗಡೀಲಿ ಹೊಲಿಯೋಕೆ ಯಾರನ್ನಾದ್ರೂ ಇಟ್ಕೊಳ್ಳಿ, ಅವರ ಸಂಬಳಾನೂ ನಂದು."

ಟೈಲರಮ್ಮ ಸೂಜಿಯಿಂದ ಕಣ್ಣೆತ್ತಿ ಅವನನ್ನು ನೋಡಿದರು.

"ಬೆಳಿಗ್ಗೆಯಿಂದ ಬೀದಿಯೆಲ್ಲ ಬಂದು ಹೋಯ್ತು. ನೀವೊಬ್ರು ಬರಲಿಲ್ಲ. ನಾಳೆ ಸ್ಟೇಷನ್‌ಗೆ ಹೋಗೋಣ ಅಂತಿದ್ದೆ," ಅಂದರು. ಆಮೇಲೆ ದಿಂಬನ್ನು ಅವನ ಕಡೆ ತಳ್ಳಿದರು. "ಕೂತ್ಕೊಳ್ಳಿ. ಮೊದಲು ಈ ದಾರ ಪೋಣಿಸಿಕೊಡಿ."

ನಾಯಿ ಸಾಕಿದವರೇ, ನಿಮ್ಮ ನಾಯಿ ಎಷ್ಟೇ ಸಾಧುವಾಗಿರಲಿ, ಬೀದಿಗೆ ಒಂಟಿಯಾಗಿ ಬಿಡಬೇಡಿ. ಹೊರಗೆ ಕರೆದೊಯ್ಯುವಾಗ ಹಗ್ಗ ನಿಮ್ಮ ಕೈಯಲ್ಲಿರಲಿ. ನಿಮ್ಮ ಊರಿನ ನಿಯಮ ಏನು, ನೋಂದಣಿ ಬೇಕೇ ಎಂದು ಸ್ಥಳೀಯ ಆಡಳಿತದ ಕಚೇರಿಯಲ್ಲಿ ಕೇಳಿ. ಸೈಕಲ್ ಸವಾರರೇ, ಬಿದ್ದರೆ ಮೊದಲು ಆಸ್ಪತ್ರೆಗೆ ಹೋಗಿ. ಚಿಕಿತ್ಸೆಯ ಚೀಟಿ, ಜಾಗದ ಫೋಟೋ, ನೋಡಿದವರ ಹೆಸರು ಜೋಪಾನವಾಗಿಡಿ. ನಾಯಿ ಸಾಕಿದವರಿಗೆ ಇನ್ನೊಂದು ಮಾತು: ನಿಮ್ಮ ನಾಯಿಯಿಂದ ಯಾರಾದರೂ ಬಿದ್ದರೆ, ಅವರು ಕೇಳಿಕೊಂಡು ಬರುವವರೆಗೆ ಕಾಯಬೇಡಿ. ಅವತ್ತೇ ಅವರ ಮನೆಗೆ ಹೋಗಿ.