ಎಪ್ಪತ್ತೆರಡನೇ ಚಾನೆಲ್

ಝಹೀರ್ ಆ ಕಪ್ಪು ಪೆಟ್ಟಿಗೆಯನ್ನು ಮನೆಗೆ ತಂದದ್ದು ಡಿಸೆಂಬರಿನ ಒಂದು ಶುಕ್ರವಾರ, ಜುಮಾ ನಮಾಝ್ ಮುಗಿಸಿ ಬರುವಾಗ. ತರಕಾರಿ ಚೀಲದ ಅಡಿಯಲ್ಲಿ, ಹಳೆಯ ಟವೆಲ್ ಸುತ್ತಿ ಇಟ್ಟಿದ್ದ. ಅವನ ಹೆಂಡತಿ ನಾಫಿಯಾಳಿಗೆ ಮೊದಲು ಹೆದರಿಕೆ ಹುಟ್ಟಿಸಿದ್ದು ಪೆಟ್ಟಿಗೆಯಲ್ಲ, ಆ ಟವೆಲ್. ಹೆದರದೆ ತರುವ ವಸ್ತುವನ್ನು ಯಾರೂ ಹಾಗೆ ಸುತ್ತುವುದಿಲ್ಲ.

"ಎಂತ ಇದು?"

"ಸ್ಕ್ಯಾನರ್. ದೋಣಿಯವರ ವಯರ್‌ಲೆಸ್ ಮಾತು ಕೇಳುದು. ಒಡೀಲಿಕ್ಕೆ ಬಂದ ಟಗ್ ಬೋಟಿನಿಂದ ತೆಗೆದದ್ದು. ಅರಬಾಬ್ ಬಿಸಾಡ್ಲಿಕ್ಕೆ ಹೇಳಿದ್ರು. ನನಗೆ ಮನಸ್ಸು ಬರ್ಲಿಲ್ಲ."

ಝಹೀರನಿಗೆ ಕೆಲಸ ಅಬುಧಾಬಿಯ ಅಲ್ ಮೀನಾ ಬಂದರಿನಲ್ಲಿ, ದೋಣಿಗಳ ವಯರ್‌ಲೆಸ್ ಸೆಟ್ ರಿಪೇರಿ ಮಾಡುವ ಒಂದು ಸಣ್ಣ ಅಂಗಡಿಯಲ್ಲಿ. ಹನ್ನೊಂದು ವರ್ಷದಿಂದ ಅದೇ ಅರಬಾಬ್, ಅಂದರೆ ಧಣಿ, ಅದೇ ಮೇಜು, ಅದೇ ಸ್ಟೂಲು. ಸತ್ತ ಸೆಟ್ಟನ್ನು ಬಿಚ್ಚಿ, ಜೋಡಿಸಿ, ಬಾಯಿಗೆ ಹಿಡಿದು 'ಒನ್ ಟೂ ತ್ರೀ' ಎಂದು ನೋಡಿ ದೋಣಿಯವರಿಗೆ ಕೊಟ್ಟರೆ ಮುಗಿಯಿತು. ಆಮೇಲೆ ಸಮುದ್ರದಲ್ಲಿ ಅವು ಏನು ಮಾತಾಡುತ್ತವೆಂದು ಅವನು ಒಂದು ದಿನವೂ ಕೇಳಿದವನಲ್ಲ. ಅದನ್ನು ಕೇಳಬೇಕೆಂಬ ಆಸೆ ಅವನಿಗೆ ಎಷ್ಟಿತ್ತೆಂಬುದು ನಾಫಿಯಾಳಿಗೆ ಗೊತ್ತಾದದ್ದು ಪೆಟ್ಟಿಗೆ ಮನೆಗೆ ಬಂದ ಮೇಲೆಯೇ.

ಆ ಪೆಟ್ಟಿಗೆಗೆ ತಿರುಗಿಸುವ ಗುಂಡಿ ಇರಲಿಲ್ಲ, ಪರದೆಯೂ ಇರಲಿಲ್ಲ. ಎಲ್ಲವನ್ನೂ ಕಂಪ್ಯೂಟರಿನಿಂದಲೇ ನಡೆಸಬೇಕು. ಮೂರು ವಾರ ಝಹೀರ್ ಕೆಲಸದಿಂದ ಬಂದು ಕೈಕಾಲು ತೊಳೆದವನೇ ಮಗಳು ಜಸೀಲಳ ಹಳೆಯ ಲ್ಯಾಪ್‌ಟಾಪಿನ ಮುಂದೆ ಕೂರುತ್ತಿದ್ದ. ಕೇಬಲ್ ಸಿಕ್ಕಿದರೆ ಅದಕ್ಕೆ ಹೊಂದುವ ಪಿನ್ನು ಇಲ್ಲ. ಪಿನ್ನು ಸಿಕ್ಕಿದರೆ ಕಂಪ್ಯೂಟರಿಗೆ ಪೆಟ್ಟಿಗೆಯ ಗುರುತೇ ಹತ್ತುವುದಿಲ್ಲ. ಒಂಬತ್ತು ವರ್ಷದ ಜಸೀಲ ಹೋಮ್‌ವರ್ಕಿನಿಂದ ತಲೆಯೆತ್ತದೆ, "ಜಸ್ಟ್ ರೀಸ್ಟಾರ್ಟ್ ಇಟ್, ಉಪ್ಪಾ" ಎನ್ನುತ್ತಿದ್ದಳು. ತಾಮ್ರದ ತಂತಿಯನ್ನು ಪ್ಲಾಸ್ಟಿಕ್ ಪೈಪಿನೊಳಗೆ ಹಾಕಿ ಅವನೇ ಆಂಟೆನಾ ಮಾಡಿದ. ಅದನ್ನು ಒಂಬತ್ತನೇ ಮಹಡಿಯ ಬಾಲ್ಕನಿಯ ಮೂಲೆಯಲ್ಲಿ, ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಹಿಂದೆ ನಿಲ್ಲಿಸಿದ.

ಜನವರಿಯ ಮೊದಲ ವಾರ ಅದು ಮಾತಾಡಿತು. ಲ್ಯಾಪ್‌ಟಾಪಿನ ಪರದೆಯ ಮೇಲೆ ಚಾನೆಲ್‌ಗಳ ಪಟ್ಟಿ. ಒಂದು ಹಸಿರು ಗೆರೆ ಅದರ ಮೇಲಿಂದ ಕೆಳಗೆ ಓಡುತ್ತಲೇ ಇರುತ್ತದೆ. ಎಲ್ಲಿ ದನಿ ಸಿಕ್ಕಿತೋ ಅಲ್ಲಿ ನಿಲ್ಲುತ್ತದೆ. ಬಂದರಿನವರು ಹಡಗಿಗೆ ದಾರಿ ಹೇಳುವುದು, ಟಗ್ಗಿನ ಮಲಯಾಳಿ ನಗುವುದು, ಯಾರೋ ಯಾರನ್ನೋ ಬೈಯುವುದು. ಝಹೀರನ ಮುಖ ಮಗುವಿನ ಮುಖದಂತೆ ಆಯಿತು.

"ನೋಡು, ಇದು ಹದಿನಾರು. ಆಪತ್ತಿನ ಚಾನೆಲ್. ಕೋಸ್ಟ್ ಗಾರ್ಡಿನವರು ದಿನವಿಡೀ ಕಿವಿ ಕೊಡುದು ಇದಕ್ಕೆ. ಉಳಿದದ್ದೆಲ್ಲ ದೋಣಿಯವರು ಅವರವರೇ ಮಾತಾಡುದು. ಅದನ್ನೆಲ್ಲ ಯಾರು ಕೇಳ್ತಾರೆ?"

"ನಮಗೆ ಕೇಳ್ಲಿಕ್ಕೆ ಪರ್ಮಿಷನ್ ಉಂಟಾ?"

ಝಹೀರ್ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಕೇಳುದು ಮಾತ್ರ ಅಲ್ವಾ ಮಾರಾಯ್ತಿ. ನಾವು ಮಾತಾಡುದಿಲ್ಲ."

"ನಾನು ಕೇಳಿದ್ದಕ್ಕೆ ಹೇಳಿ."

"ಲೈಸೆನ್ಸ್ ಬೇಕು," ಎಂದ ಕೊನೆಗೆ. "ನಮ್ಮಂಥವರಿಗೆ ಅದೆಲ್ಲ ಯಾರು ಕೊಡ್ತಾರೆ?"

ಅಂದಿನಿಂದ ನಾಫಿಯಾಳ ನಿದ್ದೆ ಕೆಟ್ಟಿತು. ಅವಳ ವೀಸಾ, ಜಸೀಲಳ ವೀಸಾ, ಮನೆಯ ಬಾಡಿಗೆ ಕಾಗದ, ಅವಳ ಫೋನಿನ ಸಿಮ್ಮು, ಎಲ್ಲವೂ ಇದ್ದದ್ದು ಝಹೀರನ ಹೆಸರಿನಲ್ಲಿ. ಲಿಫ್ಟು ಒಂಬತ್ತನೇ ಮಹಡಿಯಲ್ಲಿ ನಿಂತು ಬಾಗಿಲು ತೆರೆದ ಸದ್ದಾದರೆ ಅವಳು ಒಗ್ಗರಣೆ ಸೌಟು ಹಿಡಿದುಕೊಂಡೇ ಹೆಜ್ಜೆ ಎಣಿಸುತ್ತಿದ್ದಳು. ಆರು ಹೆಜ್ಜೆಯಾದರೆ ಎದುರುಮನೆ, ಹತ್ತಾದರೆ ತಮ್ಮದು. ಕೊರಿಯರಿನವನು ಬೆಲ್ ಒತ್ತಿದ ದಿನ ಅವಳ ಕೈಯಿಂದ ಹಾಲಿನ ಪಾತ್ರೆ ಬಿದ್ದಿತ್ತು. "ಅದನ್ನು ತೆಗೀರಿ, ನಿಮ್ಮ ಕಾಲಿಗೆ ಬೀಳ್ತೇನೆ" ಎಂದು ಎರಡು ಸಲ ಹೇಳಿದಳು. ಎರಡು ಸಲವೂ ಅವನು "ಮುಂದಿನ ವಾರ" ಎಂದ.

ಆ ಮಂಗಳವಾರ ಬೆಳಿಗ್ಗೆ ಕಿಟಕಿಯ ಹೊರಗೆ ಏನೂ ಇರಲಿಲ್ಲ. ಎದುರಿನ ಕಟ್ಟಡ, ರಸ್ತೆ, ಬಂದರಿನ ಕ್ರೇನುಗಳು, ಎಲ್ಲವನ್ನೂ ಮಂಜು ನುಂಗಿತ್ತು. ಝಹೀರ್ ದುಬೈಯಲ್ಲಿ ಒಂದು ದೋಣಿಯ ಕೆಲಸಕ್ಕೆಂದು ಅಂಗಡಿಯ ಪಿಕಪ್ಪಿನಲ್ಲಿ ಐದಕ್ಕೇ ಹೊರಟಿದ್ದ. ಶಾಲೆಯ ಬಸ್ಸು ಮುಕ್ಕಾಲು ಗಂಟೆ ತಡವಾಗಿ ಬಂತು. ಜಸೀಲಳನ್ನು ಹತ್ತಿಸಿ ನಾಫಿಯಾ ತಿರುಗುವಾಗ ಕಟ್ಟಡದ ಕಾವಲಿನ ತಮೀಮ್ ಕರೆದ.

"ಭಾಬಿ, ಆಜ್ ಬಾಲ್ಕನಿ ಚೆಕಿಂಗ್ ಹೈ. ಸಬ್ ಸಾಮಾನ್ ಅಂದರ್ ಕರೋ."

ಅವಳು ಲಿಫ್ಟಿನ ಕಡೆ ಓಡಿದಳು. ಲಿಫ್ಟಿನಲ್ಲಿ ಮೇಲೆ ಹೋಗುವಷ್ಟರಲ್ಲಿ ಬೆವರಿದ್ದಳು. ಚಪ್ಪಲಿಯನ್ನೂ ಕಳಚದೆ ಬಾಲ್ಕನಿಗೆ ಹೋಗಿ ಒದ್ದೆ ಬಟ್ಟೆಗಳನ್ನು ಎಳೆದು ಹಾಕಿದಳು. ಆಂಟೆನಾದ ಪೈಪು ಗೋಡೆಗೆ ಬಿಗಿದಿತ್ತು, ಅಲುಗಲಿಲ್ಲ. ಮೊದಲು ಪೆಟ್ಟಿಗೆಯನ್ನು ಆರಿಸೋಣ ಎಂದು ಒಳಗೆ ಬಂದಳು. ದಿನವಿಡೀ ಬರುವ ದನಿಗಳನ್ನೆಲ್ಲ ರೆಕಾರ್ಡ್ ಮಾಡಲಿ ಎಂದು ಝಹೀರ್ ಅದನ್ನು ಹಚ್ಚಿಟ್ಟೇ ಹೋಗಿದ್ದ. ಹಸಿರು ಗೆರೆ ಓಡುತ್ತಿತ್ತು. ಅವಳು ಬಗ್ಗಿ ಪ್ಲಗ್ಗಿಗೆ ಕೈ ಹಾಕಿದಳು.

ಗೆರೆ ನಿಂತಿತು.

"ಕೋಯೀ ಹೈ?" ಗಂಡಸಿನ ದನಿ, ಏದುಸಿರು. "ಕೋಯೀ ಸುನ್ ರಹಾ ಹೈ? ಅಲ್ಲಾ ಕೇ ವಾಸ್ತೇ..."

ನಾಫಿಯಾ ಬಗ್ಗಿದಲ್ಲೇ ಉಳಿದಳು. ದನಿ ನಿಂತಿತು, ಗೆರೆ ಓಡಿತು, ಮತ್ತೆ ಅಲ್ಲಿಗೇ ಬಂದು ನಿಂತಿತು. ಪರದೆಯಲ್ಲಿ ಎಪ್ಪತ್ತೆರಡು ಎಂದಿತ್ತು. ಆ ಮನುಷ್ಯ ಹಿಂದಿಯಲ್ಲಿ ತುಂಡು ತುಂಡಾಗಿ ಹೇಳುತ್ತಿದ್ದ: ಮೀನಿನ ದೋಣಿ, ತಾನೂ ತನ್ನ ಮಾವನೂ ಇಬ್ಬರೇ ಇರುವುದು. ಎಂಜಿನ್ ಸತ್ತಿದೆ, ನೀರು ಮೊಣಕಾಲಿನವರೆಗೆ ಬಂದಿದೆ. ದೋಣಿಯನ್ನು ಹಡಗಿನ ದಾರಿಗೆ ಗುರುತಾಗಿ ತೇಲುವ ಒಂದು ಕೆಂಪು ಬೋಯಾಕ್ಕೆ ಕಟ್ಟಿದ್ದೇವೆ, ಅದರ ಮೇಲೆ ಆರು ಎಂದು ಬರೆದಿದೆ. ದೊಡ್ಡ ಹಡಗಿನ ಹಾರ್ನ್ ಕೇಳುತ್ತಿದೆ, ಹಡಗು ಕಾಣುತ್ತಿಲ್ಲ. ಸಾದಿಕ್, ಸಾದಿಕ್, ಎಲ್ಲಿದ್ದೀ?

ಸಾದಿಕ್ ಎಂಬವನು ಅವರ ಜೊತೆಯ ಇನ್ನೊಂದು ದೋಣಿಯವನಿರಬೇಕು. ಅವನ ಉತ್ತರ ಬರಲಿಲ್ಲ.

"ನನಗೆ ಕೇಳ್ತದೆ," ಎಂದಳು ನಾಫಿಯಾ, ಪೆಟ್ಟಿಗೆಗೆ. ಹೇಳಿದ ಮೇಲೆ ಅವಳಿಗೆ ತನ್ನ ಮಾತು ಎಲ್ಲಿಗೂ ಹೋಗುವುದಿಲ್ಲವೆಂದು ನೆನಪಾಯಿತು.

ಝಹೀರನಿಗೆ ಫೋನ್ ಮಾಡಿದಳು. ಮಂಜಿನಿಂದ ಹೆದ್ದಾರಿಯಲ್ಲಿ ವಾಹನಗಳೆಲ್ಲ ನಿಂತಿದ್ದವು. ಅವನು ಪಿಕಪ್ಪಿನಲ್ಲೇ ಇದ್ದ. ಅವಳು ಹೇಳಿ ಮುಗಿಸುವ ಮೊದಲೇ ಅವನೆಂದ, "ಆಫ್ ಮಾಡು."

"ಅವರು ಸಾಯ್ತಾರೆ."

"ಬೇರೆ ಯಾರಾದ್ರೂ ಕೇಳಿರ್ತಾರೆ. ಅಷ್ಟು ದೊಡ್ಡ ಬಂದರು, ನಿನಗೆ ಒಬ್ಬಳಿಗೇ ಕೇಳಿದ್ದಾ? ಆಫ್ ಮಾಡು ನಾಫಿಯಾ."

"ಅವ ಹದಿನಾರಲ್ಲಿ ಇಲ್ಲ. ಎಪ್ಪತ್ತೆರಡರಲ್ಲಿ ಇದ್ದಾನೆ. ಅದನ್ನು ಯಾರೂ ಕೇಳುದಿಲ್ಲ ಅಂತ ನೀವೇ ಹೇಳಿದ್ದು."

ಝಹೀರ್ ತಗ್ಗಿದ ದನಿಯಲ್ಲಿ, ಪಕ್ಕದ ಡ್ರೈವರಿಗೆ ಕೇಳದ ಹಾಗೆ ಹೇಳಿದ: "ನೀನು ಫೋನ್ ಮಾಡಿದ್ರೆ ಮೊದಲು ಕೇಳುದು ನಿನಗೆ ಹೇಗೆ ಗೊತ್ತಾಯ್ತು ಅಂತ. ಎಂತ ಹೇಳ್ತಿ? ನನ್ನ ಕೆಲಸ ಹೋಗ್ತದೆ. ಖಲಾಸ್, ಎಲ್ಲ ಖಲಾಸ್. ಜಸೀಲಳನ್ನು ನೆನೆಸು."

ಅವಳು ಜಸೀಲಳನ್ನೇ ನೆನೆಸುತ್ತಿದ್ದಳು. ಪೆಟ್ಟಿಗೆಯಿಂದ ಈಗ ಹಾರ್ನ್ ಕೇಳಿಸಿತು, ಆ ಮನುಷ್ಯನ ದನಿಯ ಹಿಂದೆ, ಉದ್ದಕ್ಕೆ, ದಪ್ಪಗೆ. ಅವನು ಮಾತು ಬಿಟ್ಟು, ಸಾಯುವ ಹೊತ್ತಿನಲ್ಲಿ ಹೇಳುವ ಕಲಿಮಾ ಹೇಳತೊಡಗಿದ್ದ.

ನಾಫಿಯಾ ಗಂಡನ ಫೋನನ್ನು ಅರ್ಧಕ್ಕೇ ಕತ್ತರಿಸಿ ತುರ್ತು ನಂಬರ್ ಒತ್ತಿದಳು.

ಅರಬಿಯಲ್ಲಿ ಮಾತಾಡಿದವರು ಇಂಗ್ಲಿಷಿಗೆ ಹೊರಳಿದರು. ಅವಳ ಇಂಗ್ಲಿಷ್ ಬಾಯಿಗೆ ಬರಲೊಲ್ಲದು. "ಬೋಟ್. ಟೂ ಪೀಪಲ್. ರೆಡ್ ಬೋಯ್, ನಂಬರ್ ಸಿಕ್ಸ್. ವಾಟರ್ ಕಮಿಂಗ್. ಬಿಗ್ ಶಿಪ್ ಕಮಿಂಗ್." ಅವರು ಅವಳನ್ನು ಇನ್ನೊಬ್ಬರಿಗೆ ದಾಟಿಸಿದರು. ಆತ ಹಿಂದಿ ಬಲ್ಲವ. ಎಲ್ಲವನ್ನೂ ಇನ್ನೊಮ್ಮೆ ಹೇಳಿಸಿಕೊಂಡು ಕೇಳಿದ: "ನೀವು ದೋಣಿಯಲ್ಲಿದ್ದೀರಾ?"

"ಇಲ್ಲ. ಮನೆಯಲ್ಲಿ."

"ಮತ್ತೆ ನಿಮಗೆ ಹೇಗೆ ಗೊತ್ತು?"

ದೋಣಿಯವನೇ ಫೋನ್ ಮಾಡಿದ ಎಂದು ಹೇಳಿದರೆ ಅವನ ನಂಬರ್ ಕೇಳುತ್ತಾರೆ. ಸುಳ್ಳು ಹುಡುಕುತ್ತ ಕೂರುವಷ್ಟು ಹೊತ್ತು ಇರಲಿಲ್ಲ.

"ನಮ್ಮ ಮನೆಯಲ್ಲಿ ಒಂದು ರೇಡಿಯೋ ಉಂಟು. ಅವನು ಎಪ್ಪತ್ತೆರಡನೇ ಚಾನೆಲಿನಲ್ಲಿ ಇದ್ದಾನೆ. ನೀವು ಅಲ್ಲಿ ಮಾತಾಡಿ, ಬೇಗ ಮಾತಾಡಿ."

ಕಟ್ಟಡದ ಹೆಸರು ಕೇಳಿದರು, ಹೇಳಿದಳು. ಫ್ಲಾಟ್ ನಂಬರ್ ಕೇಳಿದರು, ಹೇಳಿದಳು. ಎಲ್ಲಿಗೂ ಹೋಗಬೇಡಿ ಎಂದರು.

ಫೋನ್ ಕೆಳಗಿಟ್ಟು ಅವಳು ಪೆಟ್ಟಿಗೆಯ ಎದುರು ನೆಲದ ಮೇಲೆ ಕೂತಳು. ಹಸಿರು ಗೆರೆ ಓಡುತ್ತಿತ್ತು. ಎಪ್ಪತ್ತೆರಡನ್ನು ದಾಟಿತು, ನಿಲ್ಲಲಿಲ್ಲ. ಮತ್ತೆ ದಾಟಿತು. ಐದು ನಿಮಿಷ. ಎಂಟು ನಿಮಿಷ. ಫೋನು ನಾಲ್ಕು ಸಲ ಹೊಡೆದುಕೊಂಡಿತು, ಝಹೀರ್, ಅವಳು ಎತ್ತಲಿಲ್ಲ. ಹಾರ್ನ್ ಕೂಡ ಇಲ್ಲ. ಇಷ್ಟು ದಿನ ಈ ಪೆಟ್ಟಿಗೆ ಬಾಯಿ ಮುಚ್ಚಲಿ ಎಂದು ಬೇಡಿದವಳು ಈಗ "ಮಾತಾಡು, ಮಾತಾಡು" ಎಂದು ತೊಡೆ ಗುದ್ದಿಕೊಳ್ಳುತ್ತಿದ್ದಳು. ತಾನು ಗಂಡನೊಡನೆ ವಾದಿಸಿದ ಆ ಎರಡು ನಿಮಿಷ ತಡವಾದದ್ದರಿಂದಲೇ ಎಲ್ಲ ಮುಗಿದುಹೋಯಿತೇನೋ ಎಂದು ಅವಳಿಗನ್ನಿಸಿತು.

ಗೆರೆ ಬಂದರಿನ ಚಾನೆಲಿನಲ್ಲಿ ನಿಂತಿತು. ವೇಗದ ಇಂಗ್ಲಿಷ್. ಅವಳಿಗೆ ಗೊತ್ತಾದದ್ದು ಎರಡೇ ಮಾತು: ಬೋಯ್ ಸಿಕ್ಸ್, ಸ್ಟಾಪ್. ಹಡಗಿನವನು ಏನೋ ಉತ್ತರಿಸಿದ. ಬಂದರಿನವನು ಮತ್ತೆ ಸ್ಟಾಪ್ ಎಂದ, ಈ ಸಲ ಗಟ್ಟಿಯಾಗಿ.

ಅದಾದ ಮೇಲೆ ಎಪ್ಪತ್ತೆರಡರಲ್ಲಿ ಹೊಸ ದನಿಯೊಂದು, ಅರಬಿಯವರ ಹಿಂದಿಯಲ್ಲಿ, ಸಮಾಧಾನವಾಗಿ ಕರೆಯಿತು. ಒಮ್ಮೆ ಕರೆಯಿತು. ಇನ್ನೊಮ್ಮೆ. ಮೂರನೇ ಸಲಕ್ಕೆ ಗರಗರ ಸದ್ದಾಗಿ, "ಹಾಂ... ಹಾಂ, ಹಮ್ ಹೈ" ಎಂದು ಆ ಮನುಷ್ಯ ಅಳುವುದು ಕೇಳಿಸಿತು.

ನಾಫಿಯಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಹಾಗೆ ಎಷ್ಟು ಹೊತ್ತು ಕೂತಿದ್ದಳೋ, ಲಿಫ್ಟಿನ ಬಾಗಿಲು ತೆರೆದ ಸದ್ದಾಯಿತು. ಅವಳು ಹೆಜ್ಜೆ ಎಣಿಸಲಿಲ್ಲ. ಎದ್ದು, ತಲೆಗೆ ಸರಿಯಾಗಿ ಶಾಲು ಹೊದ್ದು, ಬೆಲ್ ಆಗುವ ಮೊದಲೇ ಬಾಗಿಲು ತೆರೆದಳು.

ಸಮವಸ್ತ್ರದ ಇಬ್ಬರು ಗಂಡಸರು, ಒಬ್ಬಳು ಹೆಂಗಸು. ಬೂಟು ಬಿಚ್ಚಿ ಒಳಗೆ ಬಂದರು. ಯಾರೂ ದನಿ ಏರಿಸಲಿಲ್ಲ. ಅದರಿಂದಲೇ ಅವಳಿಗೆ ಹೆಚ್ಚು ಭಯವಾಯಿತು. ಪೆಟ್ಟಿಗೆ, ಕೇಬಲ್, ಬಾಲ್ಕನಿಯ ಪೈಪು, ಒಂದೊಂದರದೂ ಫೋಟೋ ತೆಗೆದರು. ಜೋಡಿಸಿದವರು ಯಾರು, ಎಷ್ಟು ದಿನವಾಯಿತು, ರೆಕಾರ್ಡ್ ಮಾಡಿದ್ದನ್ನು ಯಾರಿಗಾದರೂ ಕಳಿಸಿದ್ದೀರಾ ಎಂದು ಆ ಹೆಂಗಸು ಕೇಳಿ ಕೇಳಿ ಬರೆದುಕೊಂಡಳು. ಹೋಗುವಾಗ ಪೆಟ್ಟಿಗೆಯನ್ನೂ ಲ್ಯಾಪ್‌ಟಾಪನ್ನೂ ಒಯ್ದರು. ನಾಫಿಯಾ ಬಾಗಿಲಲ್ಲಿ ನಿಂತು ಕೇಳಿದಳು, "ಅವರಿಬ್ಬರು?"

"ಗೊತ್ತಿಲ್ಲ," ಎಂದಳು ಆ ಹೆಂಗಸು. "ನಿಮ್ಮ ಗಂಡ ಇವತ್ತೇ ಠಾಣೆಗೆ ಬರಬೇಕು."

ಝಹೀರ್ ಮೂರು ಗಂಟೆಗೆ ಬಂದ. ಅವಳನ್ನು ಬೈಯಲಿಲ್ಲ, ಮುಖವನ್ನೂ ನೋಡಲಿಲ್ಲ. ಒಂದು ಲೋಟ ನೀರು ಕುಡಿದು ಠಾಣೆಗೆ ಹೋದ. ಸಂಜೆಯ ಮಗ್ರಿಬ್ ನಮಾಝ್ ಕಳೆದು ತಿರುಗಿ ಬಂದಾಗ ಅವನ ಅಂಗಿ ಬೆನ್ನಿಗೆ ಅಂಟಿತ್ತು. "ಪಾಸ್‌ಪೋರ್ಟ್ ಕಾಪಿ ತಗೊಂಡ್ರು. ಕರೀತೇವೆ ಅಂದ್ರು," ಎಂದಷ್ಟೇ ಹೇಳಿದ.

ಹನ್ನೆರಡು ದಿನ ಯಾರೂ ಕರೆಯಲಿಲ್ಲ. ಅಂಗಡಿಯಲ್ಲಿ ಅವನು ಬಾಯಿ ಬಿಡಲಿಲ್ಲ. ಅರಬಾಬ್ "ಯಲ್ಲಾ ಝಹೀರ್" ಎಂದು ಕರೆದಾಗಲೆಲ್ಲ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಜಾರುತ್ತಿತ್ತಂತೆ. ನಾಫಿಯಾ ಕಪಾಟಿನ ಮೇಲಿನ ಸೂಟ್‌ಕೇಸ್ ಇಳಿಸಿ, ಜಸೀಲಳ ಮಾರ್ಕ್ಸ್ ಕಾರ್ಡು, ಲಸಿಕೆಯ ಪುಸ್ತಕ, ಜನನ ಪತ್ರ ಎಲ್ಲವನ್ನೂ ಒಂದು ಕವರಿನಲ್ಲಿ ಹಾಕಿ ಅದರೊಳಗಿಟ್ಟಳು. "ಆರ್ ವೀ ಗೋಯಿಂಗ್ ಸಮ್‌ವೇರ್?" ಎಂದು ಕೇಳಿದ ಮಗಳಿಗೆ, ಕ್ಲೀನ್ ಮಾಡುದು ಎಂದಳು. ಗಂಡ ಹೆಂಡತಿ ಒಂದೇ ಮೇಜಿನಲ್ಲಿ ಉಣ್ಣುತ್ತಿದ್ದರು, ಉಪ್ಪು ಬೇಕಾದರೆ ಮಾತ್ರ ಮಾತಾಡುತ್ತಿದ್ದರು.

ಹದಿಮೂರನೆಯ ದಿನ ಮಧ್ಯಾಹ್ನ ಕರೆ ಬಂತು. ಈ ಸಲ ಝಹೀರ್, "ನೀನೂ ಬಾ" ಎಂದ. ಠಾಣೆಯಲ್ಲಿ ಅವಳು ಹೊರಗಿನ ಕುರ್ಚಿಯಲ್ಲಿ ಕೂತು ಗೊತ್ತಿದ್ದ ಸೂರಾಗಳನ್ನೆಲ್ಲ ಓದಿದಳು. ಒಂದು ಗಂಟೆಯ ಮೇಲೆ ಅವನು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. ಪೆಟ್ಟಿಗೆ ಇರಲಿಲ್ಲ. ಇನ್ನು ಮುಂದೆ ಇಂಥದ್ದನ್ನು ಇಟ್ಟುಕೊಳ್ಳುವುದಿಲ್ಲವೆಂದು ಬರೆಸಿ ಸಹಿ ಹಾಕಿಸಿಕೊಂಡಿದ್ದರು. ಇನ್ನೊಮ್ಮೆ ಆದರೆ ಕೇಸು ಎಂದು ಅಧಿಕಾರಿ ಎರಡು ಸಲ ಹೇಳಿದ್ದ.

ಇಬ್ಬರೂ ಬಸ್ ಸ್ಟಾಪಿನ ನೆರಳಿಗೆ ಬಂದು ನಿಂತರು.

"ಇಬ್ಬರೂ ಇದ್ದಾರಂತೆ," ಎಂದ ಝಹೀರ್. "ನಾನು ಕೇಳಿದೆ. ಮಾವನ ಕೈ ಮುರಿದಿದೆ. ದೋಣಿ ಹೋಯ್ತು. ಹಡಗು ನಿಂತದ್ದು ಬೋಯಾಕ್ಕೆ ಬಹಳ ಹತ್ತಿರದಲ್ಲಂತೆ."

ನಾಫಿಯಾ ತಲೆಯಾಡಿಸಿದಳು. ಎರಡು ಬಸ್ಸು ಬಂದು ಹೋದವು, ಇಬ್ಬರೂ ಹತ್ತಲಿಲ್ಲ.

"ನಾನಾಗಿದ್ರೆ ಆಫ್ ಮಾಡ್ತಿದ್ದೆ," ಎಂದ ಅವನು, ರಸ್ತೆಯ ಕಡೆ ನೋಡುತ್ತ. "ಹನ್ನೆರಡು ದಿನವೂ ಅದೇ ಯೋಚನೆ. ಅಷ್ಟು ಆಸೆಪಟ್ಟು ಇಟ್ಟವ ನಾನು. ಆದರೂ ಆಫ್ ಮಾಡ್ತಿದ್ದೆ."

"ನಾನೂ ಆಫ್ ಮಾಡ್ಲಿಕ್ಕೇ ಹೋದದ್ದು," ಎಂದಳು ನಾಫಿಯಾ. "ಕೈ ಪ್ಲಗ್ಗಿನ ಮೇಲೆಯೇ ಇತ್ತು. ಅವ ಒಂದು ನಿಮಿಷ ತಡವಾಗಿ ಕರೆದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ."

ಅದನ್ನು ಬಾಯಿಬಿಟ್ಟು ಹೇಳಿದ ಮೇಲೆ ಅವಳಿಗೆ ಈ ಹದಿಮೂರು ದಿನಗಳಲ್ಲಿ ಆಗದಷ್ಟು ಭಯವಾಯಿತು. ಕಣ್ಣು ಮಂಜಾಗಿ ಗಂಡನ ತೋಳು ಹಿಡಿದುಕೊಂಡಳು. ಅವನು ಲ್ಯಾಪ್‌ಟಾಪನ್ನು ಇನ್ನೊಂದು ಕಂಕುಳಿಗೆ ಬದಲಿಸಿ ಅವಳ ಹತ್ತಿರ ಸರಿದು ನಿಂತ. ಶಾಲೆ ಬಿಡುವ ಹೊತ್ತಾಗಿತ್ತು. ಮುಂದಿನ ಬಸ್ಸಿಗೆ ಇಬ್ಬರೂ ಹತ್ತಿದರು.