ಬಚ್ಚಲುಮನೆಯ ಜೇಡ

ಸ್ಕೂಟರಿನ ಮೀಟರ್ ಕೆಳಗಿನ ಸಂದಿಯಿಂದ ಮೊದಲು ಹೊರಬಂದದ್ದು ಎರಡು ಕಾಲು. ಕಮ್ಮನಹಳ್ಳಿ ಮೇನ್ ರೋಡಿನಲ್ಲಿ ತರಕಾರಿ ಗಾಡಿಗಳು ಅರ್ಧ ರಸ್ತೆಗೆ ಬಂದು ನಿಂತಿದ್ದವು. ಪ್ರಭುಲಿಂಗ ಅವನ್ನು ತಪ್ಪಿಸಿಕೊಂಡು ನಿಧಾನಕ್ಕೇ ಹೋಗುತ್ತಿದ್ದ. ಹಿಂದೆ ಕೂತಿದ್ದ ಮಗಳು ಸೃಷ್ಟಿ ಅವನ ಅಂಗಿ ಹಿಡಿದುಕೊಂಡು ಮಗ್ಗಿ ಒಪ್ಪಿಸುತ್ತಿದ್ದಳು. ಆ ಎರಡು ಕಾಲಿನ ಹಿಂದೆಯೇ ಉಳಿದವೂ ಬಂದವು. ಅಂಗೈಯಗಲದ ಕಂದು ಜೇಡವೊಂದು ಹ್ಯಾಂಡಲ್ ಹತ್ತಿ ಅವನ ಬಲಗೈ ಕಡೆ ಸರಿಯಿತು.

ಪ್ರಭುಲಿಂಗ ಎರಡೂ ಕೈ ಬಿಟ್ಟ.

ಜನ ಓಡಿಬಂದು ಸ್ಕೂಟರ್ ಎತ್ತಿದರು. ಯಾರೋ ನೀರು ಕೊಟ್ಟರು. ಬೇಕರಿಯ ಮುಕ್ತಾರ್ ಸೃಷ್ಟಿಯನ್ನು ಕಟ್ಟೆಯ ಮೇಲೆ ಕೂರಿಸಿ, "ಏನಾಯ್ತು ಸಾರ್, ನಿಧಾನಕ್ಕೇ ಬರ್ತಾ ಇದ್ರಲ್ಲ?" ಎಂದ.

"ನಾಯಿ ಅಡ್ಡ ಬಂತು," ಎಂದ ಪ್ರಭುಲಿಂಗ.

ಸೃಷ್ಟಿ ತನ್ನ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ಅಪ್ಪನ ಮುಖ ನೋಡಿದಳು. ಸಂಜೆ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದಾಗ ಅವಳ ಅಮ್ಮ ಅಂಜಲಿ ನಾಯಿ ಅಡ್ಡ ಬಂತಾ ಎಂದು ಕೇಳಿದಳು. "ಹೌದಮ್ಮ, ನಾಯಿ," ಎಂದಳು ಸೃಷ್ಟಿ.

ಪ್ರಭುಲಿಂಗ ಬ್ಯಾಂಕಿನಲ್ಲಿ ಆಫೀಸರು. ರಾಣೆಬೆನ್ನೂರಿನ ಕಡೆಯವನು. ಹುಡುಗನಾಗಿದ್ದಾಗ ಓಣಿಯಲ್ಲಿ ಹಾವು ಕಂಡರೆ ಜನ ಅವನನ್ನೇ ಕರೆಯುತ್ತಿದ್ದರು. ಆದರೆ ಜೇಡ ಕಂಡರೆ ಅವನ ಕೈಕಾಲು ಅವನ ಮಾತು ಕೇಳುತ್ತಿರಲಿಲ್ಲ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಅಟ್ಟದ ಸಾಮಾನು ಇಳಿಸುವ ಕೆಲಸ ಬಂದರೆ ತನಗೆ ಧೂಳು ಆಗಿಬರುವುದಿಲ್ಲ ಎನ್ನುತ್ತಿದ್ದ. ಮಲಗುವ ಮುಂಚೆ ಚಾದರ ಕೊಡವಲು ಹೆಂಡತಿಗೆ ಹೇಳುತ್ತಿದ್ದ. ಅಂಜಲಿ ಅವನಿಗೆ ಧೂಳಿನ ಅಲರ್ಜಿ ಇದೆಯೆಂದೇ ನಂಬಿದ್ದಳು.

ರಿಚರ್ಡ್ಸ್ ಟೌನಿನ ಹಳೆಯ ಮನೆಯೊಂದರ ಕೆಳಭಾಗದಲ್ಲಿ ಅವರ ಬಾಡಿಗೆ ಸಂಸಾರ. ಎತ್ತರದ ಸೂರು, ಮರದ ಕಿಟಕಿ, ಬಚ್ಚಲಲ್ಲಿ ಮುಚ್ಚಲು ಬಾರದ ಗವಾಕ್ಷಿ. ಅಪಘಾತವಾದ ಮೇಲೆ ಒಂದು ದಿನ ಅದೇ ಗವಾಕ್ಷಿಯ ಪಕ್ಕ ದೊಡ್ಡ ಜೇಡವೊಂದು ಕೂತಿತ್ತು. ಸೃಷ್ಟಿ ಕಿರುಚಿಕೊಂಡು ಹೊರಗೆ ಬಂದವಳು ಮತ್ತೆ ಒಳಗೆ ಹೋಗಲು ಒಪ್ಪಲಿಲ್ಲ. ಸ್ನಾನಕ್ಕೆ ಅಜ್ಜಿ ಜೊತೆಗಿರಬೇಕು, ದೀಪ ಹಾಕಿ ನಾಲ್ಕೂ ಗೋಡೆ ತೋರಿಸಬೇಕು. ಮೂತ್ರಕ್ಕೂ ಅಲ್ಲಿಗೇ ಹೋಗಬೇಕಲ್ಲ ಎಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು. ಆಮೇಲೆ ಉರಿಮೂತ್ರ ಶುರುವಾಗಿ ಜ್ವರ ಬಂತು. "ಮಗು ತಡ್ಕೊಂಡು ಕೂರುತ್ತಲ್ಲ, ಯಾಕೆ ಅಂತ ಕೇಳಿದ್ರಾ?" ಎಂದರು ಡಾಕ್ಟರು.

ಕೇಳಿದ್ದು ಅಜ್ಜಿ, ಪ್ರಭುಲಿಂಗನ ತಾಯಿ ಶಿವಬಸಮ್ಮ. ಪ್ರಭುಲಿಂಗ ಪಡಸಾಲೆಯಲ್ಲಿದ್ದ. ಮಗು ಮಲಗಿದ್ದ ಕೋಣೆಯ ಬಾಗಿಲು ತೆರೆದಿತ್ತು.

"ಜ್ಯಾಡಕ್ಕ ಅಷ್ಟ್ಯಾಕ ಹೆದರ್ತೀಯ ನನ್ನವ್ವ? ಕಸಬರಿಗೀಲೆ ಒಂದ್ ಬಡದ್ರ ಸಾಯ್ತೈತಿ."

"ಅದು ಕಚ್ಚಿದ್ರೆ ಸತ್ತೋಗ್ತೀವಿ ಅಜ್ಜಿ."

"ಯಾರ್ ಹೇಳ್ಯಾರ ನಿನಗ?"

"ಯಾರೂ ಹೇಳಿಲ್ಲ. ಅಪ್ಪ ನನ್ನನ್ನ ಬೀಳಿಸ್ಬಿಟ್ಟ ಗೊತ್ತಾ, ಅದನ್ನ ನೋಡಿ. ಸುಮ್ಸುಮ್ನೆ ಬೀಳಿಸ್ತಾನಾ?"

ಶಿವಬಸಮ್ಮನಿಗೆ ಅರ್ಥವಾಗಲಿಲ್ಲ. ಜ್ವರದ ಮಾತೆಂದುಕೊಂಡು ಹಣೆ ಮುಟ್ಟಿ ನೋಡಿದಳು. ಪ್ರಭುಲಿಂಗ ಎದ್ದು ಅಂಗಳಕ್ಕೆ ಹೋಗಿ ನಿಂತ.

ಆ ರಾತ್ರಿಯ ಊಟಕ್ಕೆ ಕೂತಾಗ ಅಂಜಲಿ ಬೀದಿಯ ವಾಟ್ಸಾಪ್ ಗ್ರೂಪಿನ ಸುದ್ದಿ ತೆಗೆದಳು. ಬೀದಿನಾಯಿಗಳ ಬಗ್ಗೆ ಪಾಲಿಕೆಗೆ ಅವಳೇ ಎಲ್ಲರಿಗಿಂತ ಮುಂದೆ ನಿಂತು ದೂರು ಬರೆಸುತ್ತಿದ್ದಳು. ಅನ್ನ ಕಲಸುತ್ತಿದ್ದ ಪ್ರಭುಲಿಂಗನ ಕೈ ನಿಂತಿತು.

"ಅಂಜಲಿ, ದೂರು ಬ್ಯಾಡ. ನಾಯಿ ಬಂದಿರ್ಲಿಲ್ಲ."

"ಮತ್ತೆ?"

ಅವನು ಹೇಳಿದ. ಹೇಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಂಜಲಿಗೆ ಮೊದಲು ನಗು ಬಂದ ಹಾಗಾಯಿತು, ಆಮೇಲೆ ಮುಖ ಬಿಗಿಯಿತು.

"ಭಯ ಯಾರಿಗಿಲ್ಲ ರೀ? ನಾನೇನಾದ್ರೂ ಅಂತಿದ್ನಾ? ಮಗು ಕೈಲೂ ಸುಳ್ಳು ಹೇಳಿಸಿದ್ರಲ್ಲ."

"ನಾ ಹೇಳು ಅಂದಿಲ್ಲ."

"ಅನ್ನಬೇಕಿತ್ತಾ?"

ಮಾರನೆಯ ದಿನ ಅವಳೇ ಗ್ರೂಪಿನಲ್ಲಿ ತಪ್ಪು ತಿಳುವಳಿಕೆಯಾಗಿತ್ತು ಎಂದು ಬರೆದಳು. ಗಂಡನ ಹತ್ತಿರ ಎಷ್ಟು ಬೇಕೋ ಅಷ್ಟೇ ಮಾತಾಡಿದಳು. ಸಂಜೆ ಬ್ಯಾಂಕಿನಿಂದ ಬಂದ ಪ್ರಭುಲಿಂಗ ಬಟ್ಟೆ ಬದಲಿಸದೆ ಮಹಡಿ ಹತ್ತಿ ಜಾಫರ್ ಅವರ ಬಾಗಿಲು ತಟ್ಟಿದ.

ಜಾಫರ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವರು. ಭಾನುವಾರ ಬಂದರೆ ಕೆರೆಗಳ ಕಡೆ ಹುಡುಗರನ್ನು ಕರೆದುಕೊಂಡು ಹೋಗಿ ಜೇಡ ತೋರಿಸುತ್ತಾರೆಂದು ಪ್ರಭುಲಿಂಗನಿಗೆ ಗೊತ್ತಿತ್ತು. ಆ ಕಾರಣಕ್ಕೇ ಅವರ ಮನೆಗೆ ಅವನು ಹಿಂದೆ ಹೋದದ್ದಿಲ್ಲ. ಮಗಳ ವಿಷಯ ಹೇಳಿದ, ತನ್ನದನ್ನು ಬಿಟ್ಟ.

"ಭಾನುವಾರ ಕರ್ಕೊಂಡ್ಬನ್ನಿ ಸಾರ್. ನಮ್ಮ ಟೆರೇಸಲ್ಲೇ ಬೇಕಾದಷ್ಟು ಇವೆ," ಎಂದರು ಜಾಫರ್.

ಟೆರೇಸಿನ ಕರಿಬೇವಿನ ಗಿಡಕ್ಕೂ ಕಬ್ಬಿಣದ ಕಂಬಿಗೂ ನಡುವೆ ಒಂದು ಬಲೆ. ನಡುಮಧ್ಯೆ ಹಳದಿ ಪಟ್ಟೆಯ ಜೇಡ ಎರಡೆರಡು ಕಾಲು ಜೋಡಿಸಿಕೊಂಡು ತಲೆಕೆಳಗಾಗಿ ಕೂತಿತ್ತು.

"ನೋಡು ಬೇಟಾ, ಬಲೆ ಮೇಲೆ ಬಿಳಿ ನೂಲಲ್ಲಿ ಗೀಚಿದ ಹಾಗಿದೆಯಲ್ಲ? ಸೈನ್ ಮಾಡಿದ ಹಾಗೆ. ಇದು ಬಲೆ ಬಿಟ್ಟು ನಿನ್ನ ಮನೆಗೆ ಬರಲ್ಲ. ಅಲ್ಲಿ ಎಲೆ ಮೇಲೆ ಚಿಕ್ಕದು ಕೂತಿದೆ ನೋಡು, ಅದು ಬಲೇನೇ ಕಟ್ಟಲ್ಲ, ಹಾರಿ ಹಿಡಿಯುತ್ತೆ. ನೀನು ಆ ಕಡೆ ಹೋದ್ರೆ ತಿರುಗಿ ನಿನ್ನನ್ನೇ ನೋಡುತ್ತೆ."

ಸೃಷ್ಟಿ ಆ ಕಡೆ ಹೋಗಲಿಲ್ಲ. ಅವಳು ಹಿಂದಕ್ಕೆ ತಿರುಗಿದ್ದಳು. ಮೆಟ್ಟಿಲ ಬಾಗಿಲಿನ ಹತ್ತಿರ ಪ್ರಭುಲಿಂಗ ಚೌಕಟ್ಟು ಹಿಡಿದು ನಿಂತಿದ್ದ.

ಜಾಫರ್ ಅವನ ಹತ್ತಿರ ಬಂದರು. ಮೆಲ್ಲಗೆ ಹೇಳಿದರು: "ಅವಳು ಜೇಡ ನೋಡ್ತಾ ಇಲ್ಲ ಸಾರ್. ನಿಮ್ಮ ಮುಖ ನೋಡ್ತಾ ಇದ್ದಾಳೆ."

ಪ್ರಭುಲಿಂಗ ತಲೆ ಆಡಿಸಿದ.

"ಯಾವಾಗಿಂದ?"

"ಗೊತ್ತಿಲ್ಲ ಸರ್. ಮೊದಲಿಂದ."

"ನನಗೆ ಹಲ್ಲಿ ಆಗಲ್ಲ," ಎಂದರು ಜಾಫರ್. "ಪ್ರಾಣಿಶಾಸ್ತ್ರದ ಮೇಷ್ಟ್ರು ನಾನು. ಲ್ಯಾಬಲ್ಲಿ ಹಲ್ಲಿ ಬಂದ್ರೆ ಸ್ಟೂಡೆಂಟ್ಸ್ ಓಡಿಸ್ತಾರೆ. ನಾಳೆಯಿಂದ ನೀವೊಬ್ರೇ ಬನ್ನಿ."

ಅವನು ಹೋದ. ಮೊದಲ ಸಂಜೆಗಳಲ್ಲಿ ಚಹಾ ಕುಡಿಯುತ್ತ ದೂರದ ಕುರ್ಚಿಯಲ್ಲಿ ಕೂರುವುದಷ್ಟೇ ಕೆಲಸ. ಆಮೇಲೆ ಕುರ್ಚಿ ಬಲೆಯ ಕಡೆ ಒಂದಿಷ್ಟು ಸರಿಯಿತು. ಧೈರ್ಯ ತಂದುಕೊಳ್ಳಿ ಎಂದು ಜಾಫರ್ ಒಮ್ಮೆಯೂ ಹೇಳಲಿಲ್ಲ. ಏನು ಕಾಣುತ್ತಿದೆ ಹೇಳಿ ಎನ್ನುತ್ತಿದ್ದರು. ಪ್ರಭುಲಿಂಗ ಬೆವರುತ್ತ ಹೇಳುತ್ತಿದ್ದ: ಕಾಲಿನ ಮೇಲೆ ಕಂದು ಪಟ್ಟೆ ಇದೆ, ಹೊಟ್ಟೆ ಚಪ್ಪಟೆ ಇದೆ, ಈಗ ನೊಣ ಸುತ್ತುತ್ತಿದೆ. ಹೀಗೆ ಹೇಳುವಾಗ ಎದೆ ಢವಗುಟ್ಟುವುದು ನಿಲ್ಲುತ್ತಿರಲಿಲ್ಲ, ಆದರೆ ಮಾತು ಮುಗಿಯುವವರೆಗೆ ಅವನು ಕುರ್ಚಿಯಲ್ಲೇ ಇರುತ್ತಿದ್ದ.

"ಸ್ಕೂಟರ್ ಮೇಲೆ ಬಂದದ್ದು ಹೆಂಗಿತ್ತು, ನೆನಪಿದೆಯಾ?" ಎಂದು ಒಂದು ಸಂಜೆ ಕೇಳಿದರು ಜಾಫರ್.

ಮರೆಯುವುದಾದರೂ ಹೇಗೆ? ಕಂದು, ಚಪ್ಪಟೆ, ಏಡಿಯ ಹಾಗೆ ಅಗಲಿಸಿದ ಕಾಲು, ಬೆನ್ನಿನ ಮೇಲೆ ಬಿಳಿಚಿಕೊಂಡ ಪಟ್ಟಿ.

"ನಿಮ್ಮ ಬಚ್ಚಲಲ್ಲಿರೋದೂ ಅದೇ ಜಾತಿ ಇರಬೇಕು. ಬಲೆ ಕಟ್ಟಲ್ಲ, ಜಿರಳೆ ಹಿಡಿದು ತಿನ್ನುತ್ತೆ. ವಿಷ ಇಲ್ವಾ ಅಂದ್ರೆ ಇದೆ, ಜಿರಳೆಗೆ ಸಾಕಾಗುವಷ್ಟು. ಹಿಸುಕಿದ್ರೆ ಕಚ್ಚಬಹುದು, ಜೇನು ಕಚ್ಚಿದ ಹಾಗೆ ಉರಿಯುತ್ತೆ. ನಮ್ಮ ಮನೆಗಳಲ್ಲಿ ಇರೋವು ಹೆಚ್ಚುಕಮ್ಮಿ ಎಲ್ಲಾ ಹಿಂಗೇ. ಗೊತ್ತಿಲ್ಲದ್ದನ್ನ ಬರಿಗೈಲಿ ಹಿಡಿಯೋದು ಬೇಡ, ಅಷ್ಟೆ."

ಈ ಮಾತನ್ನು ಪ್ರಭುಲಿಂಗ ಮನೆಯಲ್ಲಿ ಹೇಳಿದಾಗ ಶಿವಬಸಮ್ಮ ಒಪ್ಪಲಿಲ್ಲ. "ಮತ್ತ ತುಟೀ ಮ್ಯಾಲ ಗುಳ್ಳಿ ಏಳೂದು? ಅದು ಜ್ಯಾಡ ಉಚ್ಚಿ ಹೊಯ್ದಿದ್ದ ಅಲ್ಲೇನ?"

"ಅಲ್ಲಂತ ಅವ್ವ. ಅದು ಒಂದು ನಮೂನಿ ವೈರಸ್ ಅಂತ."

"ಅವ್ರಿಗೆ ಗುಳ್ಳಿ ಎದ್ದಿರಾಕಿಲ್ಲ ಬಿಡು," ಎಂದು ಮಾತು ಮುಗಿಸಿದಳು ಮುದುಕಿ.

ಸೃಷ್ಟಿಯ ಕೈಯ ಪ್ಲಾಸ್ಟರ್ ತೆಗೆದ ವಾರ, ರಜೆಯ ಬೆಳಿಗ್ಗೆ, ಬಚ್ಚಲಿನಿಂದ ಮತ್ತೆ ಕಿರುಚಿದ ಸದ್ದು ಕೇಳಿತು. ಶಿವಬಸಮ್ಮ ಕಸಬರಿಗೆ ಹಿಡಿದು ಬಂದಳು. ಅಂಜಲಿ ಒಲೆ ಸಣ್ಣಗೆ ಮಾಡಿ ಬಂದಳು. ಸೃಷ್ಟಿ ಒದ್ದೆ ಕಾಲಲ್ಲಿ ಹೊರಗೆ ನಿಂತು ಅಪ್ಪನ ಕಡೆ ನೋಡುತ್ತಿದ್ದಳು. ಬಕೆಟ್ಟಿನ ಹಿಂದಿನ ಗೋಡೆಯ ಮೇಲೆ, ಸೊಂಟದಷ್ಟು ಎತ್ತರದಲ್ಲಿ, ಅದು ಕೂತಿತ್ತು.

"ಅವ್ವ, ಬಡೀಬ್ಯಾಡ," ಎಂದ ಪ್ರಭುಲಿಂಗ. ಅಡುಗೆಮನೆಗೆ ಹೋಗಿ ಮಿಠಾಯಿ ಬಂದಿದ್ದ ಪಾರದರ್ಶಕ ಡಬ್ಬಿಯನ್ನೂ ಯಾರದೋ ಮದುವೆಯ ದಪ್ಪ ಕರೆಯೋಲೆಯನ್ನೂ ತಂದ. ಬಚ್ಚಲ ಬಾಗಿಲಲ್ಲಿ ನಿಂತುಬಿಟ್ಟ.

"ರೀ, ಜಾಫರ್ ಸರ್‌ನ ಕರೀಲಾ?" ಎಂದಳು ಅಂಜಲಿ. ಆ ದನಿಯಲ್ಲಿ ಕೊಂಕು ಇರಲಿಲ್ಲ.

"ಬೇಡ." ಪ್ರಭುಲಿಂಗ ಮಗಳ ಕಡೆ ತಿರುಗಿದ. "ಸೃಷ್ಟಿ, ನನಗೆ ಇದನ್ನ ಕಂಡ್ರೆ ಭಯ. ಅವತ್ತೂ ಅದಕ್ಕೇ ಕೈ ಬಿಟ್ಟಿದ್ದು. ಅದು ಸಾಯಿಸುತ್ತೆ ಅಂತ ಅಲ್ಲ. ಅದೇನೂ ಮಾಡಲ್ಲ. ತಪ್ಪು ನಂದು."

"ಈಗಲೂ ಭಯನಾ?"

"ಕೈ ನೋಡು."

ಡಬ್ಬಿ ನಡುಗುತ್ತಿತ್ತು. ಸೃಷ್ಟಿ ಅದನ್ನೇ ನೋಡಿದಳು.

ಅವನು ಒಳಗೆ ಹೋದ. ಬಾಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದ. ಹೊರಗಿದ್ದವರಿಗೆ ಅರ್ಧಂಬರ್ಧ ಕೇಳಿತು: ಕಂದು, ಚಪ್ಪಟೆ, ಹೊಟ್ಟೆ ಕೆಳಗೆ ಏನೋ ಬಿಳಿ. ಡಬ್ಬಿಯನ್ನು ಗೋಡೆಗೆ ಒತ್ತಿದ. ಜೇಡ ಒಮ್ಮೆ ಗಿರಕ್ಕನೆ ಸುತ್ತಿತು. ಅವನ ಗಂಟಲಿನಿಂದ ಒಂದು ಶಬ್ದ ಬಂತು, ಭುಜ ಹಿಂದಕ್ಕೆ ಹೋಯಿತು. ಕೈ ಮಾತ್ರ ಡಬ್ಬಿ ಬಿಡಲಿಲ್ಲ. ಕರೆಯೋಲೆ ಗೋಡೆಗೂ ಡಬ್ಬಿಗೂ ನಡುವೆ ಒಮ್ಮೆ ಸಿಕ್ಕಿಕೊಂಡಿತು, ಮಡಚಿತು, ಆಮೇಲೆ ಪೂರ್ತಿ ಒಳಗೆ ಹೋಯಿತು.

ಅಂಗಳದ ಗೋಡೆಯ ಬುಡದಲ್ಲಿ ಅವನು ಕುಕ್ಕರಗಾಲಲ್ಲಿ ಕೂತು ಡಬ್ಬಿಯನ್ನು ನೆಲಕ್ಕಿಟ್ಟ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಸೃಷ್ಟಿ ಹಿಂದೆಯೇ ಬಂದು ಸ್ವಲ್ಪ ದೂರದಲ್ಲಿ ನಿಂತಳು.

"ಹೊಟ್ಟೆ ಕೆಳಗೆ ಬಟನ್ ಥರ ಇದೆ," ಎಂದಳು.

"ಮೊಟ್ಟೆ ಚೀಲ ಇರಬೇಕು. ಮರಿ ಆಗೋವರೆಗೆ ಹೊತ್ಕೊಂಡೇ ತಿರುಗುತ್ತಂತೆ."

"ಎಷ್ಟು ಮರಿ?"

"ಗೊತ್ತಿಲ್ಲ. ಜಾಫರ್ ಅಂಕಲ್‌ನ ಕೇಳೋಣ."

ಡಬ್ಬಿಯನ್ನು ಓರೆ ಮಾಡಿ ಕರೆಯೋಲೆ ಎಳೆದುಕೊಂಡ. ಜೇಡ ಹೊರಬರಲಿಲ್ಲ. ಡಬ್ಬಿಯ ಅಂಚಿಗೆ ಎರಡು ಕಾಲಿಟ್ಟು ಅಲ್ಲೇ ನಿಂತಿತು. ಒಳಗಿನಿಂದ ಅಂಜಲಿ ಉಪ್ಪಿಟ್ಟು ಆರುತ್ತಿದೆ ಎಂದು ಕೂಗಿದಳು. ಇಬ್ಬರೂ ಏಳಲಿಲ್ಲ. ಸೃಷ್ಟಿ ಒಂದು ಹೆಜ್ಜೆ ಮುಂದೆ ಬಂದು, ಮಂಡಿಯ ಮೇಲೆ ಕೈಯೂರಿ ಬಗ್ಗಿದಳು.

"ಅಪ್ಪ, ಸ್ವಲ್ಪ ಸರಿ. ನೀನು ಅದರ ದಾರಿಗೆ ಅಡ್ಡ ಕೂತಿದ್ದೀಯ."

ಪ್ರಭುಲಿಂಗ ಕೂತಲ್ಲಿಂದಲೇ ಪಕ್ಕಕ್ಕೆ ಸರಿದ.